ಪದವಿನ ನೆಲದಲ್ಲಿ ಮೊಟ್ಟೆ ಇಡೋ ಹಕ್ಕಿಗಳನ್ನು ಉಳಿಸ್ಲಿಕ್ಕೆ ಎಂತ ಮಾಡ್ಬೇಕು, ಎಂತ ಮಾಡ್ಬಾರ್ದು

ಪದವು ಅಂದ್ರೆ ಎಂತ ಅಂತ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯವ್ರಿಗೆ ಹೇಳ್ಬೇಕಾಗಿಲ್ಲ. ಮುರಕಲ್ಲಿನ, ಅಂದ್ರೆ ಕೆಂಪುಕಲ್ಲಿನ ಚಪ್ಪಟೆ ಗುಡ್ಡೆ, ಮೇಲೆ ಮಣ್ಣು ಒಂದು ಗೇಣು ಸಹ ಇಲ್ಲ, ಮಳೆಗಾಲದಲ್ಲಿ ಹಸಿರು ಚಾಪೆ ಹಾಸಿದ ಹಾಗೆ, ಏಪ್ರಿಲಲ್ಲಿ ನೋಡಿದ್ರೆ ಕಾದ ಕಾವಲಿ. ಮಂಗಳೂರಲ್ಲಿ ಪದವಿನಂಗಡಿ ಅಂತ ಊರೇ ಉಂಟಲ್ಲ, ಮಣಿಪಾಲ, ಕೊಣಾಜೆ, ಮುಡಿಪು, ಕೆಂಜಾರು ಕಡೆಯ ಗುಡ್ಡೆಗಳೆಲ್ಲ ಇದೇ ಮುರಕಲ್ಲಿನದ್ದು. ಈಗ ಅವುಗಳ ಮೇಲೆ ಕಾಲೇಜು, ಏರ್‌ಪೋರ್ಟು, ಐಟಿ ಕ್ಯಾಂಪಸ್ಸು, ಉಳಿದದ್ರಲ್ಲಿ ಅಕೇಶಿಯಾ ತೋಪು. ಅದೂ ಆಗಿ ಬಾಕಿ ಇರೋ ಸಣ್ಣ ಸಣ್ಣ ತುಂಡುಗಳಲ್ಲೇ ಪ್ರತಿ ವರ್ಷ ಬೇಸಿಗೆ ಶುರುವಾದ ಕೂಡ್ಲೇ ಟಿಟ್ಟಿಭ (ಲ್ಯಾಪ್‌ವಿಂಗ್), ನೆಲಗುಬ್ಬಿ (ಲಾರ್ಕ್), ನತ್ತಿಂಗ (ನೈಟ್‌ಜಾರ್) ಬರೀ ನೆಲದ ಮೇಲೆ ಮೊಟ್ಟೆ ಇಟ್ಟು ಕೂರ್ತವೆ, ಅವಕ್ಕೆ ಬೇರೆ ಜಾಗ ಇಲ್ಲ.

ನಿಮ್ಮೂರಲ್ಲಿ ಇಂಥ ಒಂದು ಪದವು ಉಳಿದಿದ್ರೆ, ನೀವು ಯುವಕ ಮಂಡಲದವ್ರೋ, ಶಾಲೆ ಟೀಚರೋ, ಪಂಚಾಯತ್ ಮೆಂಬರೋ ಆಗಿದ್ರೆ, ಇದು ನಿಮಗೇ ಬರೆದದ್ದು. ದುಡ್ಡು ಹೆಚ್ಚು ಬೇಡ. ಕತ್ತಿ, ನೋಟ್‌ಬುಕ್ಕು, ನಾಲ್ಕು ಜನ ಸಾಕು, ಮತ್ತೆ ಯಾವ ತಿಂಗಳಲ್ಲಿ ಕೈ ಹಾಕ್ಬೇಕು ಯಾವ ತಿಂಗಳಲ್ಲಿ ದೂರ ಇರ್ಬೇಕು ಅನ್ನೋ ಲೆಕ್ಕ ಗೊತ್ತಿರ್ಬೇಕು.

ಮೊದಲ್ನೇ ವರ್ಷ ಬರೀ ನೋಡಿ

ಫೆಬ್ರವರಿ ಕೊನೆಗೆ ಶುರು ಮಾಡಿ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ ಒಳಗೆ, ಬಿಸಿಲು ಏರೋ ಮೊದ್ಲು ಹೋಗಿ ಬರ್ಬೇಕು. ಒಂದು ಬೈನಾಕ್ಯುಲರ್, ಒಂದು ಕೊಡೆ, ಬರೀಲಿಕ್ಕೆ ಪುಸ್ತಕ. ಪದವಿನ ನಡುವಿಗೆ ನಡ್ಕೊಂಡು ಹೋಗ್ಲಿಕ್ಕಿಲ್ಲ, ಅಂಚಲ್ಲಿ ಒಂದು ಗೇರು ಮರದ ಬುಡದಲ್ಲಿ ಕೂತ್ಕೊಳ್ಳಿ. ಅರ್ಧ ಗಂಟೆ ಅಲ್ಲಾಡದೆ ಕೂತ್ರೆ ಹಕ್ಕಿಗೆ ನಿಮ್ಮ ಹೆದರಿಕೆ ಹೋಗ್ತದೆ, ಆಮೇಲೆ ಅದು ನಾಲ್ಕು ಹೆಜ್ಜೆ ಓಡಿ, ನಿಂತು, ಆಚೆ ಈಚೆ ನೋಡಿ, ಪುನಃ ನಾಲ್ಕು ಹೆಜ್ಜೆ ಓಡಿ ಒಂದು ಕಡೆ ಮೆಲ್ಲ ಕೂತ್ಕೊಳ್ತದೆ. ಎಲ್ಲಿ ಕೂತದ್ದು ಹತ್ತು ನಿಮಿಷ ಆದ್ರೂ ಏಳ್ಲಿಲ್ವೋ ಅಲ್ಲಿ ಮೊಟ್ಟೆ ಉಂಟು ಅಂತ ಲೆಕ್ಕ. ಅಷ್ಟು ಗೊತ್ತಾದ್ರೆ ಸಾಕು, ಹತ್ರ ಹೋಗಿ ಖಾತ್ರಿ ಮಾಡ್ಕೊಳ್ಳೋ ಆಸೆ ಬಂದೇ ಬರ್ತದೆ, ದಯಮಾಡಿ ತಡ್ಕೊಳ್ಳಿ.

ನಮ್ಮ ಪದವಲ್ಲಿ ಮುಖ್ಯವಾಗಿ ಹಳದಿ ಟಿಟ್ಟಿಭ. ಕಣ್ಣಿನ ಹತ್ರ ಹಳದಿ ತೊಗಲು, ತಲೆ ಮೇಲೆ ಕಪ್ಪು ಟೋಪಿ, ಟೋಪಿಯ ಅಂಚಿಗೆ ಬಿಳಿ ಗೀಟು, ಉದ್ದ ಹಳದಿ ಕಾಲು. ಇದು ಭಾರತ ಉಪಖಂಡ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಮರಿ ಮಾಡೋದಿಲ್ಲ. ಗದ್ದೆ, ಕೆರೆ ಬದಿಯಲ್ಲಿ ಕಿರುಚಾಡ್ತಾ ಇರೋ ಕೆಂಪು ಟಿಟ್ಟಿಭ ಎಲ್ಲರೂ ನೋಡಿರ್ತಾರೆ, ಅದು ನೀರು ಇರೋ ಕಡೆ ಹೆಚ್ಚು, ಹಳದಿಯದ್ದಕ್ಕೆ ಒಣ ಬೋಳು ನೆಲವೇ ಬೇಕು. ಮಾರ್ಚಿಂದ ಮೇ ಒಳಗೆ ಹೆಚ್ಚಿನ ಗೂಡು, ಸಾಧಾರಣ 4 ಮೊಟ್ಟೆ, ಮರಿ ಹೊರಗೆ ಬರ್ಲಿಕ್ಕೆ ನಾಲ್ಕು ವಾರ. ಗೂಡು ಅಂದ್ರೆ ಗೂಡಲ್ಲ, ಅಂಗೈಯಷ್ಟು ತಗ್ಗು, ಸುತ್ತ ಸಣ್ಣ ಕಲ್ಲಿನ ಚೂರು. ಮೊಟ್ಟೆಯ ಬಣ್ಣ ಮುರಕಲ್ಲಿನ ಜಲ್ಲಿಗೆ ಎಷ್ಟು ಸರಿಯಾಗಿ ಸೇರ್ತದೆ ಅಂದ್ರೆ ಎರಡು ಅಡಿ ದೂರದಲ್ಲಿ ನಿಂತು ನೋಡಿದ್ರೂ ನಿಮಗೆ ಕಲ್ಲೇ ಕಾಣೋದು, ತುಳಿದು ಹೋಗೋದು ಹೀಗೆಯೇ.

ಮತ್ತೆ ತಲೆ ಮೇಲೆ ಜುಟ್ಟು ಇರೋ ಮಲಬಾರ್ ನೆಲಗುಬ್ಬಿ, ಅದು ಹುಲ್ಲಿನ ಬುಡಕ್ಕೆ ಒತ್ತಿ ಬಟ್ಟಲಿನ ಹಾಗೆ ಗೂಡು ಮಾಡಿ 2-3 ಮೊಟ್ಟೆ ಇಡ್ತದೆ. ನತ್ತಿಂಗ ಅದನ್ನೂ ಮಾಡೋದಿಲ್ಲ, ತರಗೆಲೆ ಬಿದ್ದ ಕಡೆ ಬರೀ ನೆಲಕ್ಕೇ 2 ಮೊಟ್ಟೆ ಇಟ್ಟು ಹಗಲಿಡೀ ಕಣ್ಣು ಮುಚ್ಚಿ ಕೂತಿರ್ತದೆ. ಇವಲ್ಲದೆ ಕೌಜುಗ, ಪಿಪಿಟ್, ಕೆಲವು ಕಡೆ ಕಲ್ಗೊರವ ಸಹ ಇರ್ತವೆ.

ಈಗ ಒಂದು ವಿಷಯ ಹೇಳ್ತೇನೆ, ಇದು ನೋಡಿದ ಮೇಲೆಯೇ ನಾನು ಪದವು ಪದವು ಅಂತ ಹೇಳ್ಲಿಕ್ಕೆ ಶುರು ಮಾಡಿದ್ದು. ಒಂದು ಏಪ್ರಿಲ್ ಮಧ್ಯಾಹ್ನ, ಹನ್ನೆರಡೂವರೆ ಇರ್ಬೇಕು, ಕಲ್ಲಿನ ಮೇಲೆ ಕೈ ಇಡ್ಲಿಕ್ಕೆ ಆಗ್ತಿರಲಿಲ್ಲ. ಹಳದಿ ಟಿಟ್ಟಿಭ ಮೊಟ್ಟೆ ಮೇಲೆ ಕೂರದೆ, ಕಾಲು ಅರ್ಧ ಮಡಚಿ, ರೆಕ್ಕೆ ಸ್ವಲ್ಪ ಇಳಿಬಿಟ್ಟು ನೆರಳು ಕೊಟ್ಕೊಂಡು ನಿಂತಿತ್ತು, ಬಾಯಿ ತೆರೆದು ಏದುಸಿರು. ಸ್ವಲ್ಪ ಹೊತ್ತಿಗೆ ಜೋಡಿ ಹಕ್ಕಿ ಬಂತು, ಇದು ಎದ್ದು ಹೋಗಿ ನೀರಿನ ಪೈಪು ಸೋರಿ ಆಗಿದ್ದ ಸಣ್ಣ ಹೊಂಡದಲ್ಲಿ ಹೊಟ್ಟೆ ಅದ್ದಿ ಅದ್ದಿ ಗರಿ ಪೂರ್ತಿ ನೆನೆಸ್ಕೊಂಡು ಓಡೋಡಿ ಬಂದು ಮೊಟ್ಟೆ ಮೇಲೆ ಕೂತಿತು. ಮೊಟ್ಟೆಗೆ ತಂಪು ಮಾಡ್ಲಿಕ್ಕೆ! ಒಂದು ಗಂಟೆಯಲ್ಲಿ ಮೂರು ಸಲ ಹೀಗೆ. ಅಂದ್ರೆ ಆ ಹೊತ್ತಲ್ಲಿ ನಾವು ಫೋಟೋಕ್ಕೆ ಅಂತ ಹತ್ತು ನಿಮಿಷ ಹಕ್ಕಿಯನ್ನು ಎಬ್ಬಿಸಿ ನಿಲ್ಲಿಸಿದ್ರೆ ಒಳಗಿನ ಮರಿ ಬೆಂದು ಹೋಗ್ತದೆ. ಕಾಗೆ ಬೇಡ, ಉಡ ಬೇಡ, ನಮ್ಮ ಪ್ರೀತಿಯೇ ಸಾಕು.

ಹಾಗಾಗಿ ಹಕ್ಕಿ ನಿಮ್ಮ ತಲೆ ಮೇಲೆ ಹಾರಿ ಕೂಗ್ತಾ ಇದೆ, ಅಥವಾ ರೆಕ್ಕೆ ಮುರಿದ ಹಾಗೆ ನೆಲದಲ್ಲಿ ಹೊರಳಾಡ್ತಾ ಇದೆ ಅಂದ್ರೆ ನೀವು ಗೂಡಿನ ಹತ್ರ ಬಂದಾಯ್ತು ಅಂತ ಅರ್ಥ, ಬಂದ ದಾರಿಯಲ್ಲೇ ಕಾಲು ನೋಡ್ಕೊಂಡು ವಾಪಸ್ ಹೋಗಿ. ಗುರುತಿಗೆ ಕೋಲು ನೆಡೋದು, ಕಲ್ಲಿಗೆ ಪೇಂಟ್ ಹಚ್ಚೋದು ಬೇಡವೇ ಬೇಡ, ಕಾಗೆಗೆ ನಿಮಗಿಂತ ಮೊದ್ಲು ಅದು ಗೊತ್ತಾಗ್ತದೆ. ಪದವಿನ ಒಂದು ಕೈನಕ್ಷೆ ಬರೆದು ಅದ್ರಲ್ಲಿ ಚುಕ್ಕೆ ಹಾಕಿ. ಗೂಡಿನ ಲೊಕೇಶನ್ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ, ಗ್ರೂಪಲ್ಲಿ ಇರೋರೆಲ್ಲ ಒಳ್ಳೆಯವ್ರೇ ಆಗಿರ್ಬಹುದು, ಭಾನುವಾರ ಇಪ್ಪತ್ತು ಒಳ್ಳೆಯವ್ರು ಕ್ಯಾಮೆರಾ ಹಿಡ್ಕೊಂಡು ಬಂದ್ರೆ ಗೂಡು ಉಳಿಯೋದಿಲ್ಲ.

ಗಿಡ ನೆಡ್ಬೇಡಿ

ಇದನ್ನು ಹೇಳಿದ್ರೆ ತುಂಬಾ ಜನಕ್ಕೆ ಬೇಜಾರಾಗ್ತದೆ ಅಂತ ಗೊತ್ತು, ಆದ್ರೂ ಈ ಬರಹದಲ್ಲಿ ಒಂದೇ ಮಾತು ನೆನಪಿಡ್ತೀರಿ ಅಂತಾದ್ರೆ ಇದನ್ನೇ ಇಡಿ. ಜೂನ್ 5 ಬಂತು, ವನಮಹೋತ್ಸವ ಬಂತು, ಎಲ್ಲಿ ಖಾಲಿ ಜಾಗ ಉಂಟು ಅಂತ ಹುಡ್ಕುವಾಗ ಎಲ್ಲರ ಕಣ್ಣು ಹೋಗೋದು ಪದವಿನ ಮೇಲೆ. ಬೋಳು ಗುಡ್ಡೆ, ಬಂಜರು, ಸುಮ್ನೆ ಬಿದ್ದಿದೆ ಅಂತ. ಸರ್ಕಾರದ ಲೆಕ್ಕದಲ್ಲಿ ಸಹ ಕಲ್ಲು ಭೂಮಿ, ಕುರುಚಲು ಭೂಮಿ ಅಂತ ಪಾಳು ನೆಲದ ಪಟ್ಟಿಯಲ್ಲೇ ಇಂಥ ಜಾಗ ಬರೋದು. ನಾವೂ ಒಂದು ವರ್ಷ ನೂರು ಹೊಂಡ ತೆಗೆದು ಗಿಡ ನೆಟ್ಟವ್ರೇ, ಜೆಸಿಬಿ ತಂದು ಮುರಕಲ್ಲು ಒಡೆದು. ಮುಂದಿನ ಬೇಸಿಗೆಗೆ ಮುಕ್ಕಾಲು ಗಿಡ ಒಣಗಿ ಹೋದವು, ಆ ಬದಿಯಲ್ಲಿ ಮೊದ್ಲು ಇದ್ದ ಎರಡು ಜೋಡಿ ಟಿಟ್ಟಿಭ ಬರ್ಲೇ ಇಲ್ಲ. ಅದು ಈಗಲೂ ಮನಸ್ಸಿಗೆ ಚುಚ್ತದೆ.

ಯಾಕೆ ಬರ್ಲಿಲ್ಲ ಅಂದ್ರೆ, ನೆಲದಲ್ಲಿ ಮೊಟ್ಟೆ ಇಡೋ ಹಕ್ಕಿಗೆ ಸುತ್ತ ದೂರದವರೆಗೆ ಕಾಣ್ಬೇಕು. ನಾಯಿ, ಮುಂಗುಸಿ, ಉಡ ಬರೋದು ಮೊದ್ಲೇ ಗೊತ್ತಾದ್ರೆ ಮಾತ್ರ ಎದ್ದು ಓಡಿ ದಾರಿ ತಪ್ಪಿಸ್ಲಿಕ್ಕೆ ಆಗೋದು. ಒಂದು ಮರ ನಿಂತ್ರೆ ಅದ್ರ ಮೇಲೆ ಕಾಗೆ, ಹದ್ದು ಕೂತು ಇಡೀ ಪದವನ್ನು ನೋಡ್ತಾ ಇರ್ತವೆ. ಹಾಗಾಗಿ ಹತ್ತು ಮರ ನೆಟ್ರೆ ಹೋಗೋದು ಬರೀ ಹತ್ತು ಮರದ ಜಾಗ ಅಲ್ಲ, ಸುತ್ತಲಿನ ಎಕರೆಗಟ್ಲೆ ನೆಲ ಹಕ್ಕಿಗೆ ಉಪಯೋಗ ಇಲ್ಲದ್ದಾಗ್ತದೆ. ಬೀಜದುಂಡೆ ಎಸೆಯೋದೂ ಅಷ್ಟೇ. ಇಂಗುಗುಂಡಿ ಅಂತ ಸಾಲಾಗಿ ತೋಡೋದೂ ಅಷ್ಟೇ, ಮುರಕಲ್ಲು ಮೊದ್ಲೇ ತೂತು ತೂತು ಇರೋ ಕಲ್ಲು, ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳೋ ಊರಲ್ಲಿ ಅದು ತಾನಾಗಿ ನೀರು ಕುಡಿದು ಕೆಳಗಿನ ಬಾವಿಗೆ, ತೋಟಕ್ಕೆ ಬಿಡ್ತದೆ. ಬಾಯಾರು, ಪೆರ್ಲ ಕಡೆ ಗುಡ್ಡೆಗೆ ಅಡ್ಡ ಕೊರೆದ ಸುರಂಗದಲ್ಲಿ ನೀರು ಬರೋದು ಇದೇ ಕಲ್ಲಿಂದ ತಾನೇ.

ಗಿಡ ನೆಡ್ಲೇಬೇಕು ಅಂತ ಮಕ್ಕಳು ಸೇರಿದ್ರೆ ಅವ್ರನ್ನು ವಾಪಸ್ ಕಳಿಸ್ಬೇಡಿ. ಗುಡ್ಡೆಯ ಬುಡದಲ್ಲಿ, ತೋಡಿನ ಬದಿಯಲ್ಲಿ, ಶಾಲೆ ಅಂಗಳದಲ್ಲಿ, ನಾಗಬನದ ಅಂಚಲ್ಲಿ ಮರ ಕಡಿದು ಹೋದ ಕಡೆ ನೆಡಿಸಿ. ಮತ್ತೆ ಸೆಪ್ಟೆಂಬರಲ್ಲಿ ಅದೇ ಮಕ್ಕಳನ್ನು ಪದವಿಗೆ ಕರ್ಕೊಂಡು ಬಂದು ಮೊಣಕಾಲೂರಿ ಕೂರಿಸಿ, ಕಲ್ಲಿನ ಮೇಲಿನ ಎರಡು ಬೆರಳು ಮಣ್ಣಲ್ಲಿ ನೀಲಿ ಯುಟ್ರಿಕ್ಯುಲೇರಿಯಾ ಹೂ, ಬಿಳಿ ಗುಂಡಿಯ ಹಾಗಿರೋ ಎರಿಯೋಕಾಲಾನ್, ಅಂಟು ಹನಿ ಹಿಡ್ಕೊಂಡು ಹುಳ ತಿನ್ನೋ ಡ್ರೊಸೆರಾ ತೋರಿಸಿ. ಹುಳ ತಿನ್ನೋ ಗಿಡ ನೋಡಿದ ಮಗು ಆ ಜಾಗವನ್ನು ಮತ್ತೆ ಖಾಲಿ ಅಂತ ಹೇಳೋದಿಲ್ಲ.

ಅಕೇಶಿಯಾ ತೆಗೆಯೋದು

ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಮರ ಇದು, ನಮ್ಮ ಕರಾವಳಿಯ ಗುಡ್ಡೆಗಳಲ್ಲಿ ಸೌದೆಗೆ, ಹಸಿರಿಗೆ ಅಂತ ಸಾಲು ಸಾಲು ನೆಟ್ರು. ಈಗ ನೆಡೋದೇ ಬೇಡ, ತಾನಾಗಿ ಹುಟ್ತದೆ. ಒಂದು ಮೂಲೆಯಲ್ಲಿ ನಾಲ್ಕು ಸಸಿ ಕಂಡ್ರೆ ಐದು ವರ್ಷದಲ್ಲಿ ಅಲ್ಲಿ ತೋಪು, ಕೆಳಗೆ ದಪ್ಪ ತರಗೆಲೆ, ಹುಲ್ಲಿಲ್ಲ, ಹೂವಿಲ್ಲ.

ಸಣ್ಣ ಸಸಿಯನ್ನು ಆಗಸ್ಟ್, ಸೆಪ್ಟೆಂಬರಲ್ಲಿ ನೆಲ ಒದ್ದೆ ಇರುವಾಗ ಕೈಯಲ್ಲೇ ಕೀಳಿ, ಬೇರು ಸಮೇತ ಬರ್ತದೆ. ಅಕ್ಟೋಬರ್ ಕಳೆದ್ರೆ ಕಲ್ಲು ಬಿಗಿ ಆಗಿ ಬುಡದಲ್ಲೇ ತುಂಡಾಗೋದು. ನಾಲ್ಕು ಜನ ಸೇರಿದ್ರೆ ಒಂದು ಬೆಳಿಗ್ಗೆಗೆ ಒಂದು ಎಕರೆ ಆರಾಮಲ್ಲಿ ಆಗ್ತದೆ. ಕಿತ್ತದ್ದನ್ನು ಪದವಲ್ಲೇ ರಾಶಿ ಹಾಕ್ಬೇಡಿ, ಅಂಚಿಗೆ ತನ್ನಿ. ತೋಳು ದಪ್ಪ ಆದ ಮರವನ್ನು ಡಿಸೆಂಬರ್, ಜನವರಿಯಲ್ಲಿ ನೆಲಕ್ಕೆ ಸಮ ಕಡಿಬೇಕು, ಬುಡಕ್ಕೇ ಕಡಿದ್ರೆ ಹೆಚ್ಚಾಗಿ ಜೋರು ಚಿಗುರೋದಿಲ್ಲ, ಆದ್ರೆ ಬಿದ್ದ ಬೀಜ ಎಷ್ಟೋ ವರ್ಷ ಹಾಗೇ ಕೂತಿದ್ದು ಮೊಳಕೆ ಬರ್ತಾ ಇರ್ತದೆ, ಹಾಗಾಗಿ ಒಂದು ಸಲ ಕಡಿದು ಫೋಟೋ ತೆಗೆದು ಬಿಟ್ರೆ ಪ್ರಯೋಜನ ಇಲ್ಲ, ಪ್ರತಿ ಮಳೆಗಾಲ ಒಂದು ಸುತ್ತು ಹೋಗ್ಲೇಬೇಕು. ಮತ್ತೆ ಒಂದು ಮುಖ್ಯ ಮಾತು, ಸರ್ಕಾರಿ ಜಾಗದ ಮರಕ್ಕೆ ಕತ್ತಿ ಇಡೋ ಮೊದ್ಲು ಅರಣ್ಯ ಇಲಾಖೆಯಿಂದ ಬರಹದಲ್ಲಿ ಪರ್ಮಿಷನ್ ತಗೊಳ್ಳಿ. ಬಾಯಿಮಾತಿನ ಒಪ್ಪಿಗೆ ನಂಬಿ ಕಡಿದು ಆಮೇಲೆ ಕೇಸು ತಲೆ ಮೇಲೆ ಹಾಕ್ಕೊಂಡವ್ರನ್ನು ನಾನು ಕಂಡಿದ್ದೇನೆ.

ಯುಪಟೋರಿಯಂ, ಅದೇ ನಮ್ಮಲ್ಲಿ ಕೆಲವರು ಕಮ್ಯುನಿಸ್ಟ್ ಗಿಡ ಅಂತಾರಲ್ಲ, ಅದು ರಸ್ತೆ ಬದಿಯಿಂದ ಒಳಗೆ ಬರೋದು. ಹೂ ಬಿಡೋ ಮೊದ್ಲೇ ಕೀಳ್ಬೇಕು, ಅಷ್ಟೇ.

ಹುಲ್ಲು, ದನ, ಬೆಂಕಿ

ಹಿಂದಿನ ಕಾಲದಲ್ಲಿ ಮನೆ ಮಾಡಿಗೆ ಹೊದಿಸ್ಲಿಕ್ಕೆ ಮುಳಿಹುಲ್ಲು ಬೇಕಿತ್ತು, ಮಳೆ ಹೋದ ಮೇಲೆ ಊರವ್ರೆಲ್ಲ ಪದವಿಗೆ ಬಂದು ಕೊಯ್ದು ತಲೆಹೊರೆಯಲ್ಲಿ ಕೊಂಡೋಗ್ತಿದ್ರು, ಬಾಕಿ ಹುಲ್ಲು ದನ ಮೇಯ್ತಿದ್ದವು. ಬೇಸಿಗೆ ಬರುವಾಗ ಪದವು ಹಕ್ಕಿಗೆ ಬೇಕಾದ ಹಾಗೆ ತಯಾರಾಗಿರ್ತಿತ್ತು, ಗಿಡ್ಡ ಹುಲ್ಲು, ನಡು ನಡುವೆ ಬೋಳು ಕಲ್ಲು. ಈಗ ಹಂಚಿನ ಮಾಡು, ತಾರಸಿ ಮನೆ, ದನ ಸಾಕೋರೂ ಕಮ್ಮಿ. ಹುಲ್ಲು ಸೊಂಟದೆತ್ತರ ಬೆಳೆದು ಹಾಗೇ ಒಣಗಿ ನಿಂತಿರೋ ಕಡೆ ಟಿಟ್ಟಿಭ ಕೂರೋದಿಲ್ಲ.

ಅದಕ್ಕೆ ನವೆಂಬರ್, ಡಿಸೆಂಬರಲ್ಲಿ, ಹುಲ್ಲಿನ ಬೀಜ ಉದುರಿದ ಮೇಲೆ ಕೊಯ್ಯಿರಿ. ಇಡೀ ಪದವು ಬೋಳಿಸ್ಬಾರ್ದು, ಮೂರರಲ್ಲಿ ಎರಡು ಪಾಲು ಕೊಯ್ದು ಒಂದು ಪಾಲು ಬಿಡಿ, ಮುಂದಿನ ವರ್ಷ ಬೇರೆ ಪಾಲು ಬಿಡಿ, ಯಾಕಂದ್ರೆ ನೆಲಗುಬ್ಬಿಗೂ ಕೌಜುಗಕ್ಕೂ ಹುಲ್ಲಿನ ಬುಡ ಬೇಕು. ಕೊಯ್ದ ಹುಲ್ಲು ದನ ಇರೋ ಮನೆಗೆ, ಗೋಶಾಲೆಗೆ, ಅಡಿಕೆ ಬುಡಕ್ಕೆ ಕೊಟ್ಬಿಡಿ, ಅಲ್ಲೇ ಬಿಟ್ರೆ ಕೊಳೆತು ಮಣ್ಣು ಗೊಬ್ಬರ ಆಗಿ ಬೇರೆ ಕಳೆ ಬರ್ತದೆ, ಪದವಿನ ಗಿಡಗಳು ಬಡ ಮಣ್ಣಿಗೆ ಹುಟ್ಟಿದವು. ನಾಲ್ಕೈದು ದನ ಮೇಯೋದು ತುಂಬಾ ಒಳ್ಳೇದು, ಮೇಯಿಸೋರಿಗೆ ಯಾರೂ ತಕರಾರು ಮಾಡ್ಬೇಡಿ. ಬೆಂಕಿ ಮಾತ್ರ ಬೇಡ. ಹೊಸ ಚಿಗುರು ಬರ್ತದೆ ಅಂತ ಫೆಬ್ರವರಿ, ಮಾರ್ಚಲ್ಲಿ ಕೊಡೋ ಬೆಂಕಿಗೆ ಮೊದ್ಲ ಗೂಡುಗಳು ಹೋಗ್ತವೆ, ಮತ್ತೆ ಅಕೇಶಿಯಾ ಬೀಜದ ಗಟ್ಟಿ ಸಿಪ್ಪೆ ಬಿಸಿಗೆ ಒಡೆದು ಮಳೆಗಾಲದಲ್ಲಿ ಸಾವಿರಗಟ್ಲೆ ಸಸಿ ಏಳ್ತವೆ.

ಫೆಬ್ರವರಿ 15ರ ಒಳಗೆ ಎಲ್ಲಾ ಕೆಲಸ ಮುಗಿಸಿ ಕತ್ತಿ ಮನೆಗೆ ತಗೊಂಡು ಹೋಗಿ, ಜುಲೈ ಕೊನೆವರೆಗೆ ಪದವಿನ ನಡುವಲ್ಲಿ ಎಂತ ಕೆಲಸವೂ ಬೇಡ. ಇಂಗ್ಲೆಂಡಲ್ಲಿ ಹೀದರ್ ಅನ್ನೋ ಪೊದೆ ಬೆಳೆಯೋ ಬೋಳು ಗುಡ್ಡಗಳಲ್ಲಿ ಸಹ ಟಿಟ್ಟಿಭದ ಜಾತಿಯವೇ ನೆಲದಲ್ಲಿ ಮೊಟ್ಟೆ ಇಡೋದು, ಅಲ್ಲಿ 2000ನೇ ಇಸವಿಯ ಕಾನೂನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಜನ ಓಡಾಡೋ ಅಂಥ ಬಯಲಿಗೆ ನಾಯಿ ತಂದ್ರೆ 2 ಮೀಟರಿಗಿಂತ ಉದ್ದ ಇಲ್ಲದ ಹಗ್ಗದಲ್ಲಿ ಹಿಡ್ಕೊಂಡೇ ಇರ್ಬೇಕು ಅಂತ ಇದೆ. ನಮ್ಮ ಹಕ್ಕಿಗಳದ್ದೂ ಹೆಚ್ಚುಕಮ್ಮಿ ಅದೇ ತಿಂಗಳು, ನಾವೂ ಆ ತಾರೀಕು ಇಟ್ಕೊಂಡ್ರೆ ಸರಿಯಾಗ್ತದೆ.

ನಾಯಿ, ಕಸ, ಕ್ರಿಕೆಟ್

ಗೂಡು ಹಾಳು ಮಾಡೋದ್ರಲ್ಲಿ ಬೀದಿನಾಯಿಯೇ ದೊಡ್ಡದು ಅಂತ ನನ್ನ ಅನುಭವ. ನಾಯಿ ಬರೋದು ಕಸಕ್ಕೆ. ಕೋಳಿ ಅಂಗಡಿ ವೇಸ್ಟು, ಮದುವೆ ಹಾಲಿನ ಊಟದ ಎಲೆ ರಾತ್ರಿ ತಂದು ಪದವಿಗೆ ಸುರೀತಾರೆ, ಹಿಂದೆಯೇ ನಾಯಿ, ಕಾಗೆ, ಹದ್ದು. ಹಾಗಾಗಿ ನಾಯಿ ಓಡಿಸ್ಲಿಕ್ಕೆ ಹೋಗೋದಕ್ಕಿಂತ ಕಸ ನಿಲ್ಲಿಸಿ. ವಾಹನ ಒಳಗೆ ಬರೋ ಬಾಯಿಗೆ ನಾಲ್ಕು ದೊಡ್ಡ ಮುರಕಲ್ಲು ಅಡ್ಡ ಇಟ್ರೆ ಅರ್ಧ ಸಮಸ್ಯೆ ಅಲ್ಲಿಗೇ ನಿಲ್ತದೆ, ಕಾರು ಕಲಿಯೋರು, ಬೈಕ್ ಹಾರಿಸೋರು ಸಹ ಬರೋದಿಲ್ಲ. ಕಲ್ಲು ಇಡೋ ಮೊದ್ಲು ಪಂಚಾಯತಿಗೆ ಹೇಳಿ, ದನ ಹೋಗೋ ಜಾಗ ಬಿಡಿ.

ಕ್ರಿಕೆಟ್ ಆಡೋ ಹುಡುಗ್ರನ್ನು ಶತ್ರು ಮಾಡ್ಕೊಳ್ಬೇಡಿ. ನಮ್ಮಲ್ಲಿ ಒಂದು ವರ್ಷ ಪಿಚ್ಚಿನ ಹತ್ರವೇ, ಲೆಗ್ ಸೈಡಲ್ಲಿ ಗೂಡು ಆಯ್ತು. ಬೈದು ಓಡಿಸಿದ್ರೆ ಏನಾಗ್ತಿತ್ತೋ, ನಾವು ಒಂದು ಹುಡುಗನನ್ನು ಕರ್ದು ಮರದ ಬುಡದಲ್ಲಿ ಕೂರಿಸಿ ಬೈನಾಕ್ಯುಲರ್ ಕೊಟ್ವಿ. ಅವನು ನೋಡಿದ, ಕೆಳಗಿಟ್ಟ, ಪುನಃ ನೋಡಿದ. ಮರುದಿನ ಅವರೇ ಸ್ಟಂಪು ಕಿತ್ತು ಪದವಿನ ಆಚೆ ತುದಿಗೆ ಹೋಗಿ ಆಡಿದ್ರು, ಟೂರ್ನಮೆಂಟ್ ಸಹ ಅಲ್ಲೇ. ಮರಿ ಹೊರಗೆ ಬಂದ ದಿನ ನನಗೆ ಫೋನ್ ಮಾಡಿದ್ದು ಅವನೇ. ಟಿಟ್ಟಿಭದ ಮರಿ ಮೊಟ್ಟೆಯಿಂದ ಬಂದ ಸ್ವಲ್ಪ ಹೊತ್ತಿಗೇ ಓಡ್ತದೆ, ಅಪಾಯ ಬಂದ್ರೆ ತಾಯಿ ಕೂಗಿದ ಕೂಡ್ಲೇ ನೆಲಕ್ಕೆ ಒತ್ತಿ ಮಲಗಿ ಕಲ್ಲಾಗ್ತದೆ, ಆಗ ಯಾರೂ ಹುಡುಕ್ಲಿಕ್ಕೆ ಹೋಗ್ಬಾರ್ದು, ಕೈಗೆತ್ಕೊಂಡು ಮನೆಗೆ ತರ್ಲೇಬಾರ್ದು, ತಾಯಿ ಹತ್ರವೇ ಇರ್ತಾಳೆ. ಡ್ರೋನ್ ಹಾರಿಸೋದು, ಮದುವೆ ಫೋಟೋಶೂಟು ಇದನ್ನೆಲ್ಲ ಆಗಸ್ಟ್ ಮೇಲೆ ಇಟ್ಕೊಳ್ಳಿ ಅಂತ ಬಾಯಲ್ಲಿ ಹೇಳಿದ್ರೆ ಹೆಚ್ಚಿನವ್ರು ಕೇಳ್ತಾರೆ.

ಕಾಗದ ಪತ್ರ

ಪದವಿನ ಸರ್ವೆ ನಂಬರ್ ಹುಡ್ಕಿ ಪಹಣಿ ತೆಗೆಸಿ. ಗೋಮಾಳವೋ, ಕುಮ್ಕಿಯೋ, ಅರಣ್ಯವೋ, ಖಾಸಗಿಯೋ ಅನ್ನೋದ್ರ ಮೇಲೆ ಮುಂದಿನ ದಾರಿ. ನಮ್ಮ ಜಿಲ್ಲೆಯಲ್ಲಿ ಕುಮ್ಕಿ ಅಂದ್ರೆ ಹಳೇ ವರ್ಗ ಜಾಗದಿಂದ (ಕಂದಾಯ ಕಟ್ಟೋ ಪಟ್ಟಾ ಜಾಗ) 100 ಗಜದ ಒಳಗಿನ ಸರ್ಕಾರಿ ಭೂಮಿ, ಸೊಪ್ಪು, ಹುಲ್ಲು, ಮೇವಿಗೆ ವರ್ಗದಾರನಿಗೆ ಸೌಲಭ್ಯ ಉಂಟು, ಹಾಗಾಗಿ ಆ ಮನೆಯವ್ರನ್ನು ಜೊತೆಗೆ ಸೇರಿಸ್ಕೊಳ್ದೆ ಎಂತವೂ ಆಗ್ಲಿಕ್ಕಿಲ್ಲ, ಮೊದಲ್ನೇ ದಿನವೇ ಅವ್ರ ಜಗಲಿಗೆ ಹೋಗಿ ಮಾತಾಡಿ.

ಆಮೇಲೆ ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತಲ್ಲಿ ಇರ್ಬೇಕು, ಅದ್ರ ಕೈಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಅಂತ ಒಂದು ಪುಸ್ತಕ ಇರ್ತದೆ. ಆ ಪುಸ್ತಕದಲ್ಲಿ ನಿಮ್ಮ ಪದವಿನ ಹೆಸರು, ಸರ್ವೆ ನಂಬರ್, ಎಷ್ಟು ಜೋಡಿ ಹಕ್ಕಿ ಯಾವ ತಿಂಗಳಲ್ಲಿ ಗೂಡು ಮಾಡ್ತವೆ, ಯಾವ ಹೂ, ಎಲ್ಲಿ ನೀರಿನ ಪಳ್ಳ ಉಂಟು ಅಂತ ಬರೆಸಿ. ನಾಳೆ ಕೆಂಪುಕಲ್ಲಿನ ಕೋರೆಗೋ ಲೇಔಟಿಗೋ ಅರ್ಜಿ ಬಂದಾಗ ಖಾಲಿ ಜಾಗ ಅಂತ ಹೇಳ್ಲಿಕ್ಕೆ ಆಗ್ಬಾರ್ದು. ಕೋರೆಯೇ ದೊಡ್ಡ ಹೆದರಿಕೆ, ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರು ಬಂದದ್ದೂ ಇದನ್ನು ಇಟ್ಟಿಗೆ ಹಾಗೆ ಕಡಿಯೋದು ನೋಡಿಯೇ, ಬ್ರಿಟಿಷರ ಕಾಲದಲ್ಲಿ ಈ ಕಡೆ ಸರ್ವೆ ಮಾಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇಟ್ಟಿಗೆಯ ಲ್ಯಾಟಿನ್ ಪದದಿಂದ ಆ ಹೆಸರು ಕೊಟ್ಟದ್ದು. ಒಮ್ಮೆ ಕಡಿದ ಪದವು ಪುನಃ ಆಗೋದಿಲ್ಲ. ಲೈಸೆನ್ಸ್ ಇಲ್ಲದೆ ಕಡಿತಾ ಇದ್ರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ತಹಶೀಲ್ದಾರರಿಗೆ ತಾರೀಕು, ಫೋಟೋ ಸಮೇತ ಬರಹದಲ್ಲಿ ದೂರು ಕೊಟ್ಟು ಸೀಲ್ ಹಾಕಿದ ಪ್ರತಿ ಇಟ್ಕೊಳ್ಳಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅನ್ನೋ ಪದದ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆ ಹಾಳು ಮಾಡೋದು, ಗೂಡಿಗೆ ತೊಂದ್ರೆ ಕೊಡೋದು ಸಹ ಬರ್ತದೆ, ಅರ್ಜಿಯಲ್ಲಿ ಆ ಮಾತನ್ನೂ ಸೇರಿಸಿ.

ಜಾಗ ದೊಡ್ಡದಿದ್ದು ಊರು ಒಟ್ಟಾಗಿದ್ರೆ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ನಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಗೆ ಕೇಳ್ಬಹುದು, ಕರ್ನಾಟಕದಲ್ಲಿ ನಲ್ಲೂರಿನ ಹುಣಸೆ ತೋಪು, ಹೊಗ್ರೇಕಾನು, ಅಂಬಾರಗುಡ್ಡ ಹೀಗೆ ಆದವು. ಅದಕ್ಕೆ ಹೊತ್ತು ಹಿಡೀತದೆ, ಎರಡು ಮೂರು ವರ್ಷದ ಗೂಡಿನ ಲೆಕ್ಕ ಕೈಯಲ್ಲಿ ಇರ್ಬೇಕು. ಪುಸ್ತಕದಲ್ಲಿ ಹೆಸರು ಬರೆಸೋ ಕೆಲಸ ಮಾತ್ರ ಈ ವರ್ಷವೇ ಮಾಡ್ಬಹುದು. ಮುಂದಿನ ಗ್ರಾಮಸಭೆ ಯಾವ ದಿನ ಅಂತ ಪಿಡಿಓ ಹತ್ರ ಕೇಳಿ ಇಟ್ಕೊಳ್ಳಿ, ಹೋಗುವಾಗ ಚುಕ್ಕೆ ಹಾಕಿದ ಆ ಕೈನಕ್ಷೆ ತಗೊಂಡು ಹೋಗಿ, ಕ್ರಿಕೆಟ್ ಹುಡುಗ್ರನ್ನೂ ಕರ್ಕೊಂಡು ಹೋಗಿ.